ಹಿಂಡಲಗಾದ ಹಿಟ್ಟಿನ ಕೋಳಿ

ಕರ್ನಾಟಕದ ನೇಣುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹದಲ್ಲಿ. ಬೀದರಿನಿಂದ ಚಾಮರಾಜನಗರದವರೆಗೆ ಯಾವ ಸೆಷನ್ಸ್ ಕೋರ್ಟು ಮರಣದಂಡನೆ ವಿಧಿಸಿದರೂ ಕೈದಿಯ ದಾರಿ ಸಾಮಾನ್ಯವಾಗಿ ಇಲ್ಲಿಗೇ ಬಂದು ಮುಟ್ಟುತ್ತದೆ. ಆದರೆ 1983ರ ಈಚೆಗೆ ಇಲ್ಲಿ ಯಾರನ್ನೂ ಗಲ್ಲಿಗೇರಿಸಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಘೋರವಾದ ಕೊಲೆಯ ಸುದ್ದಿ ಬಂದಾಗಲೆಲ್ಲ ಮಸಗುಪ್ಪಿಯಂಥ ಹೊಳೆದಂಡೆಯ ಹಳ್ಳಿಯ ಕಟ್ಟೆಯಿಂದ ಹಿಡಿದು ಬೆಳಗಾವಿಯ ಚನ್ನಮ್ಮ ವೃತ್ತದವರೆಗೆ ‘ಅವನ್ನ ಫಾಶಿಗೆ ಹಾಕ್ರಿ’ ಎಂಬ ಕೂಗು ಏಳುತ್ತದೆ. ಕೋರ್ಟು ಒಮ್ಮೊಮ್ಮೆ ಹಾಗೆಯೇ ತೀರ್ಪನ್ನೂ ಕೊಡುತ್ತದೆ. ಆಮೇಲೆ ಏನೂ ಆಗುವುದಿಲ್ಲ, ಅಥವಾ ಏನೂ ಆಗಲಿಲ್ಲವೆಂದು ನಾವು ತಿಳಿದುಕೊಳ್ಳುತ್ತೇವೆ. ಗಲ್ಲುಶಿಕ್ಷೆ ಬೇಡ ಎನ್ನುವವರಿಗೆ ಸಿಗುವ ಜಾಣ ಉತ್ತರ ಹುಟ್ಟಿದ್ದೂ ಇಲ್ಲಿಂದಲೇ. ಕಾಯ್ದೆಯಲ್ಲಿ ಇದ್ದರೆ ಇರಲಿ ಬಿಡಿ, ಹೆದರಿಕೆಗೆ ಒಂದು ಬೇಕು, ಹೇಗೂ ಯಾರನ್ನೂ ನೇಣಿಗೆ ಹಾಕುವುದಿಲ್ಲವಲ್ಲ ಎನ್ನುತ್ತಾರೆ. ದಯೆಗೂ ದಂಡಕ್ಕೂ ಇದರಿಂದ ರಾಜಿಯಾದಂತೆ ಕಾಣುತ್ತದೆ. ಈ ರಾಜಿ ನಿಲ್ಲತಕ್ಕದ್ದೇ? ಕೊಲ್ಲುತ್ತೇವೆಂದು ಹೇಳಿ ಕೊಲ್ಲದೆ ಬಿಟ್ಟರೆ ಹಿಂಸೆ ಆಗಲಿಲ್ಲವೆಂದು ಲೆಕ್ಕವೇ?

ಇದೇ ಪ್ರಶ್ನೆಯನ್ನು ಕನ್ನಡ ಎಂಟು ನೂರು ವರ್ಷಗಳ ಹಿಂದೆ ಕೇಳಿಕೊಂಡಿತ್ತು. ಜನ್ನ ಕವಿ ‘ಯಶೋಧರ ಚರಿತೆ’ಯನ್ನು ಮುಗಿಸಿದ್ದು 1209ರಲ್ಲಿ. ಅದಕ್ಕೆ ಐದು ವರ್ಷ ಮೊದಲು, 1204ರಲ್ಲಿ, ರಟ್ಟರ ಮಂತ್ರಿ ಬೀಚಿರಾಜ ಬೆಳಗಾವಿಯ ಕೋಟೆಯಲ್ಲಿ ಕಮಲ ಬಸದಿಯನ್ನು ಕಟ್ಟಿಸಿದ್ದ. ಆ ಕಾಲಕ್ಕೆ ಈ ಭಾಗದಲ್ಲಿ ಜೈನಧರ್ಮ ಮುನಿಗಳದ್ದು ಮಾತ್ರ ಆಗಿರಲಿಲ್ಲ. ಮಂತ್ರಿಗಳದ್ದು, ದಂಡನಾಯಕರದ್ದು, ಎಂದರೆ ಶಿಕ್ಷೆ ಕೊಡುವ ಕೈಯುಳ್ಳವರದ್ದೂ ಆಗಿತ್ತೆಂಬುದನ್ನು ಮರೆಯಬಾರದು. ಜನ್ನನ ಕತೆ ಬಲ್ಲವರಿಗೆ ಬಲ್ಲದ್ದೇ. ಕೆಟ್ಟ ಕನಸಿನ ದೋಷ ಕಳೆಯಲು ದೇವಿಗೆ ಜೀವಬಲಿ ಕೊಡೆಂದು ತಾಯಿ ಚಂದ್ರಮತಿ ಮಗ ಯಶೋಧರನನ್ನು ಒತ್ತಾಯಿಸುತ್ತಾಳೆ. ರಾಜನಿಗೆ ಕೊಲ್ಲಲು ಮನಸ್ಸಿಲ್ಲ, ತಾಯಿಯ ಮಾತು ಮೀರುವ ಧೈರ್ಯವೂ ಇಲ್ಲ. ಕೊನೆಗೆ ಹಿಟ್ಟಿನಲ್ಲಿ ಒಂದು ಕೋಳಿಯನ್ನು ಮಾಡಿಸಿ ಅದನ್ನೇ ಕಡಿಯುತ್ತಾನೆ. ಜೀವ ಹೋಗಲಿಲ್ಲ, ರಕ್ತ ಚೆಲ್ಲಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಆ ಏಟಿನ ಫಲವನ್ನು ಜನ್ಮಜನ್ಮಾಂತರ ಪಶುಪಕ್ಷಿಗಳಾಗಿ ಹುಟ್ಟಿ, ಇರಿಸಿಕೊಂಡು ಕಡಿಸಿಕೊಂಡು ತೀರಿಸಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಗಿರೀಶ ಕಾರ್ನಾಡರು ಇದೇ ಗಂಟನ್ನು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಮತ್ತೆ ಬಿಚ್ಚಿದರು. ಕರ್ಮ, ಪುನರ್ಜನ್ಮಗಳನ್ನು ಓದುಗರು ನಂಬಬೇಕೆಂದೇನೂ ಇಲ್ಲ. ನಂಬಿಕೆಯನ್ನು ಬದಿಗಿಟ್ಟರೂ ಕತೆಯೊಳಗಿನ ವಾದ ಉಳಿಯುತ್ತದೆ. ಹಿಂಸೆಯನ್ನು ಹಿಂಸೆಯನ್ನಾಗಿ ಮಾಡುವುದು ಸತ್ತ ಪ್ರಾಣಿಗಿಂತ ಮೊದಲು ಕೊಲ್ಲಬೇಕೆಂದು ಮಾಡಿಕೊಂಡ ಸಂಕಲ್ಪ ಎಂಬುದು ಆ ವಾದ. ನಡುದಾರಿ ಹುಡುಕಿದ ಸಜ್ಜನನಿಗೇ ಜನ್ನ ಶಿಕ್ಷೆ ಬರೆದಿದ್ದಾನೆ. ಕ್ರೂರಿಗಳಿಗೆ ಬುದ್ಧಿ ಹೇಳುವ ಕತೆಗಳು ಎಲ್ಲ ಧರ್ಮಗಳಲ್ಲೂ ಸಿಗುತ್ತವೆ. ಸಜ್ಜನರ ರಾಜಿಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ನೋಡಿದ ಕತೆ ಅಪರೂಪ.

ಅಹಿಂಸೆ ಮುನಿಗಳ ವ್ರತ, ಅದನ್ನು ರಾಜ್ಯಕ್ಕೆ ಅಂಟಿಸಿದರೆ ರಾಜ್ಯ ಉಳಿಯುತ್ತದೆಯೇ ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ, ಜೈನರಿಗೇ ಇದು ಮೊದಲು ಹೊಳೆದಿತ್ತು. ಅದಕ್ಕಾಗಿಯೇ ಅವರು ಗೃಹಸ್ಥನಿಗೆ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ ಹೇಳಿದರು. ಅಡುಗೆ, ಮನೆವಾರ್ತೆಯಲ್ಲಿ ಆಗುವುದು ಆರಂಭೀ, ಒಕ್ಕಲುತನ ಮೊದಲಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವುದು ವಿರೋಧೀ. ಈ ಮೂರನ್ನು ಗೃಹಸ್ಥ ಪೂರ್ತಿ ತಪ್ಪಿಸಲಾರನೆಂದು ಒಪ್ಪಿಕೊಂಡು, ಕೊಲ್ಲಲೆಂದೇ ಬಗೆದು ಮಾಡುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನಿಗೂ ನಿಷೇಧಿಸಿದರು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಯುದ್ಧಗಳನ್ನು ಮಾಡಿದ ಸೇನಾಪತಿ; ಯುದ್ಧ ಮಾಡಿದ್ದಕ್ಕೆ ಯಾರೂ ಅವನನ್ನು ಧರ್ಮದಿಂದ ಹೊರಗಿಡಲಿಲ್ಲ. ಹಾಗಾದರೆ ಗಲ್ಲಿಗೇರಿಸುವುದು ಈ ನಾಲ್ಕರಲ್ಲಿ ಯಾವುದು? ಸಮಾಜದ ಆತ್ಮರಕ್ಷಣೆ, ಆದ್ದರಿಂದ ವಿರೋಧೀ ಎಂಬುದು ಸಮರ್ಥಕರ ಉತ್ತರ. ಬಂದೂಕು ಹಿಡಿದು ಎದುರು ನಿಂತವನ ಮೇಲೆ ಪೊಲೀಸ್ ಗುಂಡು ಹಾರಿಸಿದರೆ ಆ ಮಾತು ನಿಲ್ಲುತ್ತದೆ. ಆದರೆ ಗಲ್ಲಿಗೇರುವವನ ಕೈ ಕಟ್ಟಿರುತ್ತದೆ. ಅವನು ವರ್ಷಗಟ್ಟಲೆ ಗೋಡೆಯೊಳಗೆ ಇದ್ದವನು, ಆ ಹೊತ್ತಿಗೆ ಯಾರ ಮೇಲೂ ಬೀಳಲಾರದವನು. ಅವನನ್ನು ಕೊಲ್ಲಲು ವಾರಂಟು ಬೇಕು, ದಿನ ಗೊತ್ತುಪಡಿಸಬೇಕು, ಅವನ ತೂಕ ನೋಡಿ ಹಗ್ಗದ ಉದ್ದ ಲೆಕ್ಕ ಹಾಕಬೇಕು, ಮಗ್ಗುಲಲ್ಲಿ ವೈದ್ಯರನ್ನು ನಿಲ್ಲಿಸಬೇಕು. ಮನುಷ್ಯರು ಮಾಡುವ ಕೊಲೆಗಳಲ್ಲಿ ಇಷ್ಟು ಸಂಕಲ್ಪಪೂರ್ವಕವಾದದ್ದು ಇನ್ನೊಂದಿಲ್ಲ. ಧರ್ಮ ಗೃಹಸ್ಥನಿಗೂ ರಿಯಾಯಿತಿ ಕೊಡದ ಹಿಂಸೆ ಇದೊಂದೇ. ರಾಜ್ಯ ತನಗಾಗಿ ಉಳಿಸಿಕೊಂಡಿರುವುದೂ ಇದನ್ನೇ.

ವೈದಿಕ ಪರಂಪರೆ ಬೇರೆ ಹೇಳುತ್ತದೆಂದು ನೆನಪಿಸುವವರಿದ್ದಾರೆ. ಹೌದು, ರಾಜನಿಂದ ದಂಡನೆ ಪಡೆದ ಪಾಪಿ ಶುದ್ಧನಾಗಿ ಸ್ವರ್ಗಕ್ಕೆ ಹೋಗುತ್ತಾನೆಂದು ಮನುಸ್ಮೃತಿ ಹೇಳುತ್ತದೆ. ಆದರೆ ಮಹಾಭಾರತದ ಶಾಂತಿಪರ್ವದಲ್ಲಿ ಇದಕ್ಕೆ ಎದುರುವಾದವೂ ಇದೆ, ಅದು ತಂದೆ ಮಗನ ನಡುವಿನದು. ದ್ಯುಮತ್ಸೇನ ರಾಜ ವಧೆಗೆ ಗುರಿಯಾದವರನ್ನು ಕರೆತರಿಸಿದಾಗ ಮಗ ಸತ್ಯವಾನ, ಸಾವಿತ್ರಿಯ ಗಂಡ, ತಡೆಯುತ್ತಾನೆ. ಒಬ್ಬ ದಸ್ಯುವನ್ನು ಕೊಂದರೆ ತಪ್ಪೇ ಮಾಡದ ಅವನ ಹೆಂಡತಿ, ತಾಯಿ, ತಂದೆ, ಮಕ್ಕಳನ್ನೂ ಕೊಂದಂತೆ. ಕೆಟ್ಟವನು ಮುಂದೊಂದು ದಿನ ಒಳ್ಳೆಯವನಾದಾನು, ಕೆಟ್ಟವನಿಗೆ ಒಳ್ಳೆಯ ಸಂತಾನ ಹುಟ್ಟೀತು ಎಂಬುದು ಅವನ ವಾದ. ತಂದೆ ಸುಲಭಕ್ಕೆ ಸೋಲುವುದಿಲ್ಲ. ಹಿಂದಿನ ಕಾಲಕ್ಕೆ ಛೀ ಎಂದರೆ ಸಾಕಾಗುತ್ತಿತ್ತು, ಆಮೇಲೆ ಬೈಗುಳ ಬೇಕಾಯಿತು, ಆಮೇಲೆ ದಂಡ, ಈಗ ಕೊಂದರೂ ಜನ ಹದ್ದಿಗೆ ಬರುತ್ತಿಲ್ಲ ಎನ್ನುತ್ತಾನೆ. ಮುದುಕ ರಾಜನ ಈ ನಿಟ್ಟುಸಿರು ಅವನಿಗೆ ತಿಳಿಯದೆಯೇ ಮಗನ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ. ಶಿಕ್ಷೆ ಏರುತ್ತ ಹೋದಂತೆ ಅಂಜಿಕೆಯೂ ಏರಬೇಕಿತ್ತಲ್ಲ? ಇನ್ನು ನಮ್ಮ ಭಾಗದ ಮನೆಮನೆಯ ನೆನಪಿನಲ್ಲಿರುವ ಕಲ್ಯಾಣದ ಕತೆಗೆ ಬಂದರೆ, ಮಕ್ಕಳಿಗೆ ಜಾತಿ ಮೀರಿ ಮದುವೆ ಮಾಡಿದ ಹರಳಯ್ಯ ಮಧುವರಸರನ್ನು ಬಿಜ್ಜಳ ಎಳೆಹೂಟೆಗೆ ಒಡ್ಡಿ ಕೊಲ್ಲಿಸಿದನೆಂದು ಪರಂಪರೆ ಹೇಳುತ್ತದೆ. ಅಂದಿನ ಶಾಸ್ತ್ರದ ಲೆಕ್ಕದಲ್ಲಿ ಅದು ಕ್ರಮಬದ್ಧವಾದ ಶಿಕ್ಷೆಯೇ. ಅದರಿಂದ ಹುಟ್ಟಿದ್ದು ಬಿಜ್ಜಳನ ಕೊಲೆ, ಶರಣರ ಚದುರಾಟ. ದಯೆಯನ್ನು ಧರ್ಮದ ಬೇರಿನ ಜಾಗದಲ್ಲಿಟ್ಟ ಬಸವಣ್ಣನನ್ನು ಮನೆಯ ಗೋಡೆಯ ಮೇಲೆ ಇಟ್ಟುಕೊಂಡ ನಾವು ಮರಣದಂಡನೆಯ ಮಾತು ಬಂದಾಗ ಅವನನ್ನು ಯಾಕೆ ಕೇಳುವುದಿಲ್ಲವೋ ತಿಳಿಯದು.

ಸಂಕಲ್ಪದ ವಾದವನ್ನು ಧರ್ಮಗ್ರಂಥದಲ್ಲೇ ಬಿಡದೆ ಹಿಂಡಲಗಾದ ದಾಖಲೆಗಳ ಎದುರು ಇಟ್ಟು ನೋಡೋಣ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬು ಸಿಡಿಸಿ 22 ಜನರನ್ನು ಕೊಂದಿತು. ಆ ಪ್ರಕರಣದಲ್ಲಿ ನಾಲ್ವರಿಗೆ ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಅವರು ಹಿಂಡಲಗಾಕ್ಕೆ ಬಂದರು, ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ ಹೋಯಿತು. ಅದಕ್ಕೆ ಇಲ್ಲವೆಂಬ ಉತ್ತರ ಬಂದದ್ದು 2013ರ ಫೆಬ್ರುವರಿಯಲ್ಲಿ, ಸುಮಾರು ಒಂಬತ್ತು ವರ್ಷಗಳ ಮೇಲೆ. ನೇಣಿನ ಮಾತು ಊರಿಗೆಲ್ಲ ಹರಡಿದ ಹೊತ್ತಿನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ಇವರೂ ಸೇರಿ 15 ಜನರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಕಾರಣವಿಲ್ಲದ ವಿಳಂಬವೇ ಕೈದಿಗೆ ಕೊಡುವ ಚಿತ್ರಹಿಂಸೆ ಎಂಬುದು ಆ ತೀರ್ಪಿನ ತಿರುಳು. ಇನ್ನೊಂದು, ಉಮೇಶ್ ಪ್ರಕರಣ. 1998ರಲ್ಲಿ ಬೆಂಗಳೂರಿನ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ಮಾಡಿ ಕೊಂದ ಈತನಿಗೆ 2006ರಲ್ಲಿ ಮರಣದಂಡನೆಯಾಯಿತು; 2011ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಪರಾಧ ಎಷ್ಟು ಹೇಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೆಷನ್ಸ್ ಕೋರ್ಟಿನ ತೀರ್ಪು ಬಂದಾಗಿನಿಂದಲೇ ಅವನನ್ನು ಬೆಳಗಾವಿಯಲ್ಲಿ ಒಂಟಿಕೋಣೆಗೆ ಹಾಕಲಾಗಿತ್ತು, ಹತ್ತು ವರ್ಷ ಹಾಗೆಯೇ ಇಡಲಾಗಿತ್ತು. ಮೇಲ್ಮನವಿ, ಕ್ಷಮಾದಾನದ ದಾರಿಗಳು ತೆರೆದಿರುವವರೆಗೆ ಹಾಗೆ ಇಡಕೂಡದೆಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲೇ ತೀರ್ಪಾಗಿತ್ತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಈ ಒಂಟಿಸೆರೆ ಕಾನೂನುಬಾಹಿರ, ಅದರ ದುಷ್ಪರಿಣಾಮ ಅವನ ಮೇಲೆ ಆಗಿದೆ ಎಂದು ಹೇಳಿ, ಶಿಕ್ಷೆಯನ್ನು ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿತು. ಈ ಐವರಲ್ಲಿ ಯಾರೂ ನೇಣುಗಂಬ ಹತ್ತಲಿಲ್ಲ. ಆದರೆ ಐವರನ್ನೂ ರಾಜ್ಯ ವರ್ಷಗಟ್ಟಲೆ ‘ನಾಳೆ’ ಎಂಬ ಅಂಚಿನಲ್ಲಿ ಇಟ್ಟಿತ್ತು. ಇದನ್ನು ಹಿಂಸೆಯೆಂದು ಕರೆದವರು ಕವಿಗಳಲ್ಲ, ಮುನಿಗಳಲ್ಲ. ದೇಶದ ಅತ್ಯುಚ್ಚ ನ್ಯಾಯಾಲಯ. ಯಶೋಧರನ ಕತ್ತಿಯ ಕೆಳಗೆ ಹಿಟ್ಟಾದರೂ ಇತ್ತು, ಇಲ್ಲಿ ಜೀವವೇ ಇತ್ತು.

ಹೊರಗಿನ ದೇಶಗಳೂ ಇದೇ ಕೊರಕಲಿಗೆ ಬಂದು ನಿಂತಿವೆ. ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ಫರ್ಮನ್ ಪ್ರಕರಣದಲ್ಲಿ ಮರಣದಂಡನೆಯನ್ನು ನಿಲ್ಲಿಸಿತು, 1976ರಲ್ಲಿ ಗ್ರೆಗ್ ಪ್ರಕರಣದಲ್ಲಿ ಹೊಸ ನಿಯಮಗಳಡಿ ಮತ್ತೆ ಬಿಟ್ಟಿತು. ಇಂದು ಅಲ್ಲಿನ ಕ್ಯಾಲಿಫೋರ್ನಿಯಾದಲ್ಲಿ ನೂರಾರು ಜನ ಮರಣದಂಡನೆ ಹೊತ್ತು ಕೂತಿದ್ದಾರೆ. ಅಲ್ಲಿ ಕೊನೆಯದಾಗಿ ಒಬ್ಬನನ್ನು ಕೊಂದದ್ದು 2006ರಲ್ಲಿ. 2014ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶ ಕಾರ್ಮ್ಯಾಕ್ ಕಾರ್ನಿ, ಇದು ಸಾವಿನ ದೂರದ ಸಾಧ್ಯತೆಯನ್ನು ಜೋಡಿಸಿದ ಜೀವಾವಧಿ, ಯಾವ ಶಾಸನಸಭೆಯೂ ಬಗೆದು ಕೊಡಲಾರದ ಶಿಕ್ಷೆ ಎಂದು ತೀರ್ಪಿತ್ತರು. ಮರುವರ್ಷ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು, ನಿಜ. ತಳ್ಳಿದ್ದು ವಿಧಾನದ ಕಾರಣಕ್ಕೆ, ವಾಸ್ತವವನ್ನು ಅಲ್ಲಗಳೆದು ಅಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವಂತೂ 1989ರಲ್ಲೇ ಸೋರಿಂಗ್ ಪ್ರಕರಣದಲ್ಲಿ, ವರ್ಜೀನಿಯಾ ರಾಜ್ಯದಲ್ಲಿ ಗಲ್ಲಿನ ಸಾಲಿನಲ್ಲಿ ಕಾಯುವ ಸ್ಥಿತಿಯೇ ಅಮಾನುಷವಾದ್ದರಿಂದ ಆರೋಪಿಯನ್ನು ಅಲ್ಲಿಗೆ ಒಪ್ಪಿಸಕೂಡದು ಎಂದಿತ್ತು. ಅದೇ ವರ್ಜೀನಿಯಾ 2021ರಲ್ಲಿ ಮರಣದಂಡನೆಯನ್ನು ರದ್ದು ಮಾಡಿತು, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೊದಲನೆಯದಾಗಿ.

ಈಗ ಕಾಯಿಸುವುದೇ ತಪ್ಪಾದರೆ ಬೇಗ ಮುಗಿಸಿಬಿಡಿ ಎಂಬ ಮಾತಿಗೆ ಉತ್ತರ ಕೊಡಬೇಕು. ಬೇಗ ಮುಗಿಸಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಪಕ್ಕದ ಮಹಾರಾಷ್ಟ್ರದಲ್ಲೇ ಉತ್ತರವಿದೆ. ನಾಶಿಕ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಅಪರಾಧಕ್ಕೆ ಅಲೆಮಾರಿ ಬುಡಕಟ್ಟಿನ ಆರು ಜನರಿಗೆ ಮರಣದಂಡನೆಯಾಯಿತು. ಹೈಕೋರ್ಟು ಮೂವರಿಗೆ ಅದನ್ನು ಜೀವಾವಧಿಗೆ ಇಳಿಸಿದ್ದರೆ, ಸುಪ್ರೀಂ ಕೋರ್ಟ್ 2009ರಲ್ಲಿ ಆರೂ ಜನರಿಗೆ ಗಲ್ಲೇ ಸರಿ ಎಂದಿತು. ಹತ್ತು ವರ್ಷ ಕಳೆದು, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರಪರಾಧಿಗಳೆಂದು ಬಿಡುಗಡೆ ಮಾಡಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರಲ್ಲಿ ಒಬ್ಬ ಘಟನೆಯ ಹೊತ್ತಿಗೆ ಅಪ್ರಾಪ್ತ. ವಿಳಂಬವಿಲ್ಲದಿದ್ದರೆ ಪರಿಹಾರದ ಚೆಕ್ಕು ಪಡೆಯಲು ಅವರು ಇರುತ್ತಿರಲಿಲ್ಲ. ಇನ್ನೂ ಹಳೆಯದು ಹರ್ಬನ್ಸ್ ಸಿಂಗ್ ಪ್ರಕರಣ. ಒಂದೇ ಅಪರಾಧ, ಸಮಪಾಲು ಮಾಡಿದ ಮೂವರು, ಮೂವರಿಗೂ ಗಲ್ಲು. ಮೂವರ ಅರ್ಜಿಗಳು ಬೇರೆ ಬೇರೆ ಪೀಠಗಳ ಮುಂದೆ ಬಂದವು. ಒಬ್ಬನ ಶಿಕ್ಷೆ ಜೀವಾವಧಿಗೆ ಇಳಿಯಿತು, ಒಬ್ಬನನ್ನು 1981ರ ಅಕ್ಟೋಬರಿನಲ್ಲಿ ಗಲ್ಲಿಗೇರಿಸಲಾಯಿತು, ಮೂರನೆಯವನು ಕೊನೆಗಳಿಗೆಯಲ್ಲಿ ಅರ್ಜಿ ಹಾಕಿ ಉಳಿದ. ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕೆ ಮಾತ್ರ ಗಲ್ಲು ಎಂಬ ಬಚ್ಚನ್ ಸಿಂಗ್ ತೀರ್ಪಿನ ಸೂತ್ರ 1980ರಿಂದ ಇದೆ. ಸೂತ್ರ ಎಲ್ಲರಿಗೂ ಒಂದೇ. ಅದನ್ನು ಹಿಡಿಯುವ ಕೈಗಳು ಬೇರೆ. ಈ ಅಳತೆಗೆ ಹೆಚ್ಚಾಗಿ ಸಿಕ್ಕುವವರು ಯಾರು? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಮರಣದಂಡನೆ ಹೊತ್ತವರಲ್ಲಿ ಶೇ 74.1ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ವಕೀಲರಿಗೆ ಕೊಡಲು ದುಡ್ಡಿಲ್ಲದವನ ಕೇಸು ಕೆಳಗಿನ ಕೋರ್ಟಿನಲ್ಲೇ ಅರ್ಧ ಸೋತಿರುತ್ತದೆಂಬುದು ಗೋಕಾಕದ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದ ಯಾವ ರೈತನಿಗೂ ಹೊಸ ಸುದ್ದಿಯಲ್ಲ.

ಸತ್ತವರ ಮನೆಯವರ ಮಾತೇನು ಎಂಬುದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಪಾಲಾರಿನಲ್ಲಿ ಸತ್ತ 22 ಜನರಿಗೂ ಮನೆಯವರಿದ್ದರು. ಸತ್ಯವಾನನ ವಾದ ಅವರ ಮನೆಬಾಗಿಲಲ್ಲಿ ನಿಂತು ಹೇಳಲು ನಾಲಿಗೆ ಬರಬೇಕಲ್ಲ. ಅವರ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಗಲ್ಲುಶಿಕ್ಷೆ ಅವರಿಗೆ ಕೊಟ್ಟದ್ದೇನು ನೋಡಿ. 1993ರಿಂದ 2014ರವರೆಗೆ 21 ವರ್ಷ, ಪ್ರತಿ ತೀರ್ಪಿಗೂ ಗಾಯ ಮತ್ತೆ ಕೆದರಿಸಿಕೊಂಡು, ಕೊನೆಗೆ ಮೊದಲಿಗೇ ಮೈಸೂರಿನಲ್ಲಿ ಕೊಟ್ಟಿದ್ದ ಜೀವಾವಧಿ ಶಿಕ್ಷೆಗೇ ವಾಪಸು. ಅಂದೇ ಅದಕ್ಕೆ ನಿಂತಿದ್ದರೆ ಆ ಮನೆಗಳವರು ಹದಿಮೂರು ವರ್ಷ ಮೊದಲೇ ಕೋರ್ಟಿನ ಗೊಡವೆಯಿಂದ ಬಿಡುಗಡೆಯಾಗುತ್ತಿದ್ದರು. ಇನ್ನು ಹೆದರಿಕೆಯ ಮಾತನ್ನು ಚಿಕ್ಕದಾಗಿ ಮುಗಿಸಬಹುದು. ಜೀವಾವಧಿಗಿಂತ ಗಲ್ಲು ಹೆಚ್ಚು ಹೆದರಿಸುತ್ತದೆ ಎನ್ನಲು ಆಧಾರವಿಲ್ಲವೆಂದು ಭಾರತದ ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೆ ರದ್ದು ಮಾಡಲು ಶಿಫಾರಸು ಮಾಡಿತು. 1967ರಲ್ಲಿ ಅದೇ ಆಯೋಗ ಇರಲಿ ಎಂದಿತ್ತು. ನಾಲ್ಕು ದಶಕಗಳಿಂದ ಯಾರನ್ನೂ ನೇಣಿಗೆ ಹಾಕದ ಗಂಬಕ್ಕೆ ಹೆದರುವವರು ಯಾರಿದ್ದಾರೆಂಬ ಪ್ರಶ್ನೆಯನ್ನು ‘ಇರಲಿ ಬಿಡಿ’ ಎನ್ನುವವರೇ ಬಿಡಿಸಬೇಕು.

ಜೀವಾವಧಿಯವನು ಹೊರಬಂದು ಮತ್ತೆ ಕೊಂದರೆ? ಇದು ಕಲ್ಪನೆಯ ಪ್ರಶ್ನೆಯಲ್ಲ. ಕಲಬುರಗಿ ಭಾಗದ ಸಾಯಿಬಣ್ಣ ಪ್ರಕರಣದಲ್ಲಿ ಅದೇ ಆಯಿತು. ಮೊದಲ ಹೆಂಡತಿಯನ್ನು 1988ರಲ್ಲಿ ಕೊಂದು ಜೀವಾವಧಿ ಪಡೆದವನು, 1994ರಲ್ಲಿ ಪೆರೋಲ್ ಮೇಲೆ ಬಂದಾಗ ಎರಡನೆಯ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕೊಂದ. ಈ ಎರಡು ಜೀವಗಳ ಎದುರು ಯಾವ ತತ್ವಶಾಸ್ತ್ರವೂ ಸಲೀಸಾಗಿ ಮಾತನಾಡಲಾರದು. ಆದರೂ ಇದು ತೋರಿಸುವುದು ಪೆರೋಲ್ ಕೊಡುವಲ್ಲಿ ಆದ ಎಡವಟ್ಟನ್ನು, ಗಲ್ಲಿನ ಅಗತ್ಯವನ್ನಲ್ಲ. ಹೊರಗೆ ಬಿಡದೆ ಇರುವ ಶಿಕ್ಷೆ ಸಾಧ್ಯವಿದೆ, ಅದನ್ನು ದೇಶಕ್ಕೆ ಕೊಟ್ಟದ್ದೂ ಕರ್ನಾಟಕದ ಪ್ರಕರಣವೇ. 1991ರಲ್ಲಿ ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯಂಗಳದಲ್ಲೇ ಹೂತ ಸ್ವಾಮಿ ಶ್ರದ್ಧಾನಂದನ ಮರಣದಂಡನೆಯನ್ನು 2008ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಳಿಸುವಾಗ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆ ಎಂಬ ನಡುವಣ ಶಿಕ್ಷೆಯನ್ನು ನೆಲೆಗೊಳಿಸಿತು. ಅದಕ್ಕೂ ದಯೆಯ ಕಡೆಯಿಂದ ಆಕ್ಷೇಪಗಳಿವೆ. ಸಾಯುವತನಕ ಒಳಗೇ ಇರೆಂಬುದು ಮನುಷ್ಯ ಬದಲಾಗುವುದಿಲ್ಲವೆಂದು ಮೊದಲೇ ಬರೆದಿಟ್ಟಂತೆ. ಆದರೂ ಆ ಬಾಗಿಲನ್ನು ಮುಂದೊಂದು ದಿನ ತೆರೆಯಬಹುದು, ತೀರ್ಪು ತಪ್ಪಾಗಿದ್ದರೆ ತಿದ್ದಬಹುದು. ಸಮಾಜವನ್ನು ಕಾಯುವ ಕೆಲಸ ಕೊಲ್ಲದೆ ಸಾಧ್ಯವೆಂದಾದ ಮೇಲೆ ವಿರೋಧೀ ಹಿಂಸೆಯ ನೆಪ ಉಳಿಯುವುದಿಲ್ಲ.

ಬೆಳಗಾವಿ ಸೀಮೆಗೆ ನೇಣಿನ ನೆನಪು ಕಡಿಮೆಯೇನಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣ, 1857ರ ಕೊನೆಗೆ ಮುಧೋಳ, ಹಲಗಲಿಗಳಲ್ಲಿ ಬೇಡರ ಹುಡುಗರು, 1858ರ ಜೂನ್ 12ರಂದು ಬೆಳಗಾವಿಯಲ್ಲಿ ನರಗುಂದದ ಬಾಬಾಸಾಹೇಬ. ಅವರನ್ನು ಇಂದಿನ ಕೊಲೆಪಾತಕಿಗಳ ಸಾಲಿಗೆ ಸೇರಿಸುವುದು ಅವಿವೇಕ. ನೆನೆಯಬೇಕಾದದ್ದು ಇಷ್ಟೇ: ಆ ಪ್ರತಿಯೊಂದು ಗಲ್ಲಿಗೂ ಅಂದಿನ ಕಾನೂನಿನ ಮೊಹರು ಇತ್ತು. ಸ್ವಾತಂತ್ರ್ಯದೊಂದಿಗೆ ನಾವು ಆ ಗಂಬವನ್ನೂ ಉಳಿಸಿಕೊಂಡೆವು. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಮರಣದಂಡನೆಯನ್ನು ಪೂರ್ತಿ ರದ್ದು ಮಾಡುವುದೇ ಒಳ್ಳೆಯದೆಂದರು. ಈ ದೇಶದ ಜನ ಆಚರಣೆಯಲ್ಲಿ ತಪ್ಪಿದರೂ ಅಹಿಂಸೆಯನ್ನು ನೈತಿಕ ಕಟ್ಟಳೆಯೆಂದು ಒಪ್ಪಿದವರೆಂಬುದೇ ಅವರು ಕೊಟ್ಟ ಕಾರಣ. ಅವರ ಮಾತು ನಡೆಯಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮರಣದಂಡನೆಗೆ ಅರ್ಹವಾದ ಅಪರಾಧಗಳ ಪಟ್ಟಿಗೆ ಹೊಸದಾಗಿ ಗುಂಪುಹತ್ಯೆಯಂಥವನ್ನೂ ಸೇರಿಸಿದೆ. ಸಂಕಲ್ಪ ಬೆಳೆಯುತ್ತಿದೆ.

ಇದನ್ನು ಬದಲಿಸುವುದು ದೆಹಲಿಯ ಕೆಲಸ ಎಂದು ಕೈಕಟ್ಟಿ ಕೂರುವಂತಿಲ್ಲ. ಕ್ರಿಮಿನಲ್ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕ್ಷಮಾದಾನದ ಅಧಿಕಾರ 161ನೇ ವಿಧಿಯಡಿ ರಾಜ್ಯಪಾಲರಿಗೂ ಇದೆ. ಮರಣದಂಡನೆ ಕೇಳಬೇಕೋ ಬೇಡವೋ ಎಂಬುದು ಪ್ರತಿ ಕೇಸಿನಲ್ಲೂ ರಾಜ್ಯದ ಸರಕಾರಿ ವಕೀಲರ ಬಾಯಲ್ಲಿದೆ. ತ್ರಿಪುರಾ ವಿಧಾನಸಭೆ 2015ರ ಆಗಸ್ಟಿನಲ್ಲಿ ಮರಣದಂಡನೆ ರದ್ದಾಗಲಿ ಎಂದು ಒಮ್ಮತದ ನಿರ್ಣಯ ಮಾಡಿತು. ನಮ್ಮ ವಿಧಾನಮಂಡಲ ಚಳಿಗಾಲಕ್ಕೆ ಬೆಳಗಾವಿಗೇ ಬರುತ್ತದೆ. ಸುವರ್ಣ ವಿಧಾನಸೌಧ ಊರಿನ ಒಂದು ಮಗ್ಗುಲಿಗೆ, ಹಿಂಡಲಗಾ ಇನ್ನೊಂದು ಮಗ್ಗುಲಿಗೆ. ಅಷ್ಟು ಹತ್ತಿರ ಬಂದು ಹೋಗುವ ಶಾಸಕರು ಮುಂದಿನ ಅಧಿವೇಶನದಲ್ಲಿ ಇದಕ್ಕೆ ಒಂದು ದಿನ ಕೊಡಲಿ, ಮತ್ತು ಅಂಥ ನಿರ್ಣಯವೊಂದನ್ನು ಮತಕ್ಕೆ ಹಾಕಲಿ.